ಸಣ್ಣ ವಿಮಾನಗಳೂ ವಿದ್ಯುತ್ತಿನ ಎಚ್ಚರಿಕೆಯೂ

ವಿದ್ಯುಚ್ಛಕ್ತಿಯ ವಿಷಯದಲ್ಲಿ ನಮ್ಮ ಉರಿಗಾಂ ಇತರರಿಂದ ಉಪದೇಶ ಕೇಳಬೇಕಾದ ಊರಲ್ಲ. ಬೇಕಾದರೆ ಇತರರಿಗೆ ಎರಡು ಮಾತು ಹೇಳಬಲ್ಲ ಊರು. 1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿಗಳ ದೂರ ತಂತಿಯ ಮೇಲೆ ಬಂದು ಇಲ್ಲಿಯ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದುದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಈ ಕಾರ್ಯಕ್ಕೆ ಬೆಂಬಲವಾಗಿ ನಿಂತ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರಿಗೆ ಅದರ ಫಲವನ್ನು ಕಣ್ಣಾರೆ ಕಾಣುವ ಭಾಗ್ಯವಿರಲಿಲ್ಲ; ಅವರು 1901ರಲ್ಲಿಯೇ ಕಾಲವಾದರು. ಆ ವಿದ್ಯುತ್ತನ್ನು ನಂಬಿದ್ದ ಗಣಿಗಳೂ 2001ರ ಫೆಬ್ರವರಿ 28ರಂದು ಮುಚ್ಚಿದುವು. ಆದರೆ ತಂತಿಯ ಗುಣವನ್ನೂ ಅದರ ಕೋಪವನ್ನೂ ಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಇದ್ದಾರೆ.

ಈ ಹಳೆಯ ಸಂಗತಿಯನ್ನು ಇಲ್ಲಿ ಎತ್ತಿದುದು ಊರಿನ ಹೆಮ್ಮೆಯನ್ನು ಸಾರುವುದಕ್ಕಲ್ಲ. ಚಾಂಪಿಯನ್ ರೀಫಿನಂತಹ ಗಣಿಯಲ್ಲಿ 3,000 ಮೀಟರಿಗೂ ಆಳಕ್ಕೆ ಇಳಿದ ಮನುಷ್ಯನಿಗೆ ವಿದ್ಯುತ್ತು ಸೌಕರ್ಯದ ವಸ್ತುವಾಗಿರಲಿಲ್ಲ. ನೀರನ್ನು ಎತ್ತುವ ಪಂಪು, ಗಾಳಿಯನ್ನು ಕಳುಹಿಸುವ ಫ್ಯಾನು, ತಲೆಯ ಮೇಲಿನ ದೀಪ, ಎಲ್ಲವೂ ಅದರ ಅಧೀನ. ಸೊಂಟದ ಬ್ಯಾಟರಿಯ ದೀಪ ಮಂಕಾದರೆ ಅದರ ಉಳಿದ ಬೆಳಕು ಮೇಲಕ್ಕೆ ಬರುವುದಕ್ಕೆ ಮಾತ್ರ, ಇನ್ನಷ್ಟು ಕೆಲಸ ಮುಗಿಸುವುದಕ್ಕಲ್ಲ ಎಂಬುದು ಅಲ್ಲಿ ಬಾಳಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಒಂದು ತಿಳಿವಳಿಕೆ ಈಗ ಭೂಮಿಯ ಒಳಗಿಂತ ಆಕಾಶದಲ್ಲಿ ಹೆಚ್ಚು ಬೇಕಾಗಿದೆಯೆಂಬುದು ನಮ್ಮ ಅಭಿಪ್ರಾಯ. ಇಬ್ಬರು ನಾಲ್ವರು ಕುಳಿತು ಹಾರುವ ಸಣ್ಣ ವಿಮಾನಗಳಲ್ಲಿ ವಿದ್ಯುತ್ತಿನ ಸ್ಥಾನ ಕಳೆದ ಕೆಲವು ದಶಕಗಳಲ್ಲಿ ಸದ್ದಿಲ್ಲದೆ ಬದಲಾಗಿದೆ. ಮೊದಲು ಅತಿಥಿಯಾಗಿ ಬಂದುದು ಈಗ ಮನೆಯ ಯಜಮಾನನಾಗಿ ಕುಳಿತಿದೆ. ಅದಕ್ಕೆ ತಕ್ಕ ಎಚ್ಚರಿಕೆ ಬಂದಿದೆಯೇ ಎಂಬುದೇ ಪ್ರಶ್ನೆ.

ಇದು ನಮಗೆ ಸಂಬಂಧಿಸದ ವಿಷಯವೆಂದು ವಾಚಕರು ಭಾವಿಸಬಾರದು. ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಸಂಸಾರಗಳ ಮಕ್ಕಳಲ್ಲಿ ಕೆಲವರಾದರೂ ವಿಮಾನ ನಡೆಸುವ ವಿದ್ಯೆಯನ್ನು ಬಯಸುತ್ತಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಹಾರಾಟ ತರಬೇತಿ ಶಾಲೆಯಿದೆ. (ಅದು ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿದೆ, ಕುಸ್ತಿಯ ಅಖಾಡವನ್ನೂ ವಿಮಾನದ ಹ್ಯಾಂಗರನ್ನೂ ಒಂದೇ ಕಡತದ ಕೋಣೆಯಿಂದ ನೋಡಿಕೊಳ್ಳುವುದು ನಮ್ಮ ಸರ್ಕಾರಕ್ಕೇ ಸಾಧ್ಯ.) ಇಂತಹ ಶಾಲೆಗಳಿಗಾಗಿಯೇ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದವರು ‘ಹಂಸ’ ಎಂಬ ಎರಡು ಆಸನಗಳ ವಿಮಾನವನ್ನು ಕಟ್ಟಿದರು. ಹಂಸ ಮೊದಲು ಹಾರಿದುದು 1993ರ ನವೆಂಬರಿನಲ್ಲಿ. ಅದಕ್ಕೆ ಅರ್ಹತಾ ಪತ್ರ ದೊರೆತುದು 2000ದಲ್ಲಿ. ಅದರ ಹೊಸ ತಲೆಮಾರಾದ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನ ಆಕಾಶವನ್ನೇರಿತು. ನಮ್ಮ ನಾಡಿನಲ್ಲಿ, ನಮ್ಮವರ ಕೈಯಲ್ಲಿ ಹುಟ್ಟಿದ ಹಕ್ಕಿ ಇದು. ಅದರ ವಿಷಯದಲ್ಲಿ ಹೆಮ್ಮೆಪಡುವ ಹಕ್ಕು ಎಷ್ಟಿದೆಯೋ ಪ್ರಶ್ನೆ ಕೇಳುವ ಹಕ್ಕೂ ಅಷ್ಟೇ ಇದೆ.

ವಿಮಾನದ ವಿದ್ಯುತ್ ವ್ಯವಸ್ಥೆಯೆಂದರೆ ಬ್ರಹ್ಮವಿದ್ಯೆಯೇನೂ ಅಲ್ಲ. ಮೋಟಾರು ಕಾರಿನಲ್ಲಿರುವಂತೆ ಒಂದು ಬ್ಯಾಟರಿ. ಎಂಜಿನು ತಿರುಗಿಸುವ ಒಂದು ಜನರೇಟರು ಅಥವಾ ಆಲ್ಟರ್ನೇಟರು. ಅದರ ಒತ್ತಡವನ್ನು ಹದದಲ್ಲಿಡುವ ಒಂದು ನಿಯಂತ್ರಕ. ಅಲ್ಲಿಂದ ಉಪಕರಣಗಳಿಗೆ ಹಂಚುವ ತಂತಿಗಳು. ಒಂದೊಂದು ತಂತಿಗೂ ಕಾವಲಾಗಿ ಫ್ಯೂಸು ಇಲ್ಲವೆ ಸರ್ಕ್ಯೂಟ್ ಬ್ರೇಕರು. ಒತ್ತಡ ಸಾಮಾನ್ಯವಾಗಿ 14 ಅಥವಾ 28 ವೋಲ್ಟು. ಮನೆಯ 230 ವೋಲ್ಟನ್ನು ಕಂಡವರಿಗೆ ಇದು ಮಗುವಿನ ಆಟದಂತೆ ತೋರಬಹುದು. ಮುಟ್ಟಿದರೆ ಪ್ರಾಣ ತೆಗೆಯುವಷ್ಟು ಒತ್ತಡ ಅದಲ್ಲವೆಂಬುದು ನಿಜವೇ. ಆದರೆ ಬೆಂಕಿ ಹೊತ್ತಿಸುವುದಕ್ಕೆ ಒತ್ತಡಕ್ಕಿಂತ ಪ್ರವಾಹ ಮುಖ್ಯ. ಒಂದು ಕಾರಿನ ಬ್ಯಾಟರಿಯ ಎರಡು ಕೊನೆಗಳ ನಡುವೆ ಸ್ಪ್ಯಾನರು ಬಿದ್ದುದನ್ನು ನೋಡಿದ ಯಾವ ಮೆಕ್ಯಾನಿಕನೂ ಈ ಮಾತನ್ನು ಒಪ್ಪುತ್ತಾನೆ.

ಹಿಂದಿನ ಕಾಲದ ತರಬೇತಿ ವಿಮಾನಗಳಿಗೆ ಈ ಭಯ ಬಹುಮಟ್ಟಿಗೆ ಇರಲಿಲ್ಲ. 1951ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರು ರಚಿಸಿದ ಎಚ್‌ಟಿ-2ರಂತಹ ವಿಮಾನದ ಕಾಲದಲ್ಲಿ ಎಂಜಿನಿನ ಕಿಡಿ ಹುಟ್ಟುತ್ತಿದ್ದುದು ಮ್ಯಾಗ್ನೆಟೋಗಳಿಂದ. ಮ್ಯಾಗ್ನೆಟೋ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬ್ಯಾಟರಿಯನ್ನು ಕಿತ್ತೆಸೆದರೂ ಎಂಜಿನು ನಿಲ್ಲದು. ಹಳೆಯ ಸ್ಕೂಟರುಗಳನ್ನು ಬ್ಯಾಟರಿಯೇ ಇಲ್ಲದೆ ಒದ್ದು ಹೊರಡಿಸಿದವರಿಗೆ ಇದರ ಮರ್ಮ ಗೊತ್ತು. ಅಂತಹ ವಿಮಾನದಲ್ಲಿ ವಿದ್ಯುತ್ತು ಪೂರ್ತಿಯಾಗಿ ಹೋದರೆ ರೇಡಿಯೋ ಮೂಕವಾಗುತ್ತಿತ್ತು, ದೀಪ ಆರುತ್ತಿತ್ತು. ಹಗಲಾಗಿದ್ದರೆ ಚಾಲಕನು ಕಣ್ಣನ್ನು ನಂಬಿ ಹತ್ತಿರದ ನಿಲ್ದಾಣಕ್ಕೆ ಇಳಿಯುತ್ತಿದ್ದನು.

ಹಂಸ-3ರಲ್ಲಿ ಸ್ಥಿತಿ ಸ್ವಲ್ಪ ಬೇರೆ. ಅದರ ರೋಟಾಕ್ಸ್ 914 ಎಂಜಿನಿನ ಕಿಡಿಗೆ ಬ್ಯಾಟರಿಯ ಹಂಗಿಲ್ಲವಾದರೂ ಅದಕ್ಕೆ ಪೆಟ್ರೋಲು ಎತ್ತಿಕೊಡುವ ಎರಡು ಪಂಪುಗಳೂ ವಿದ್ಯುತ್ತಿನವು. ಕಿಡಿ ಇದ್ದು ಪೆಟ್ರೋಲು ಇಲ್ಲದಿದ್ದರೆ ಏನು ಪ್ರಯೋಜನ? ಆದುದರಿಂದಲೇ ಒಂದು ಪಂಪಿಗೆ ಎಂಜಿನಿನ ಜನರೇಟರಿನಿಂದಲೂ ಇನ್ನೊಂದಕ್ಕೆ ಬ್ಯಾಟರಿಯ ಕಡೆಯಿಂದಲೂ ವಿದ್ಯುತ್ತು ಕೊಡಬೇಕೆಂಬುದು ಈ ಎಂಜಿನಿನ ಮಟ್ಟಿಗೆ ಹಾಕಿರುವ ಕ್ರಮ. ಹಂಸ-ಎನ್‌ಜಿಯ ರೋಟಾಕ್ಸ್ 912 ಐಎಸ್‌ಸಿ ಎಂಜಿನಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇದರಲ್ಲಿ ಪೆಟ್ರೋಲು ಎಷ್ಟು, ಯಾವಾಗ, ಕಿಡಿ ಯಾವ ಕ್ಷಣದಲ್ಲಿ ಎಂಬುದನ್ನೆಲ್ಲ ಒಂದು ಗಣಕಯಂತ್ರ ನಿರ್ಧರಿಸುತ್ತದೆ. ಆ ಯಂತ್ರಕ್ಕೆ ವಿದ್ಯುತ್ತು ನಿಂತರೆ ಎಂಜಿನೂ ನಿಂತಿತು. ಅದಕ್ಕಾಗಿ ಎಂಜಿನು ಕಟ್ಟಿದವರು ಎಲ್ಲವನ್ನೂ ಜೋಡಿಯಾಗಿ ಇಟ್ಟಿದ್ದಾರೆ: ನಿಯಂತ್ರಣದ ಹಾದಿ ಎರಡು, ಜನರೇಟರು ಎರಡು. ಒಂದು ಜನರೇಟರು ಎಂಜಿನಿಗೇ ಮೀಸಲು. ಇನ್ನೊಂದು ವಿಮಾನದ ಉಳಿದ ಉಪಕರಣಗಳಿಗೆ. ಮೊದಲನೆಯದು ಕೆಟ್ಟರೆ ಎರಡನೆಯದು ಎಂಜಿನಿನ ಭಾರವನ್ನು ಹೊರುತ್ತದೆ. ಆಗ ರೇಡಿಯೋ, ದೀಪ, ಗಾಜಿನ ಪರದೆಯ ಮೇಲೆ ಮೂಡುವ ಅಂಕಿಗಳು, ಇವೆಲ್ಲ ಬ್ಯಾಟರಿಯ ಪಾಲಾಗುತ್ತವೆ. ಏರ್ಪಾಡು ಬುದ್ಧಿವಂತಿಕೆಯದೇ. ಆದರೆ ಅದನ್ನು ಅರಿಯದ ಶಿಷ್ಯನ ಕಣ್ಣಿಗೆ ಎಂಜಿನು ಸುಖವಾಗಿ ಗುನುಗುತ್ತಿರುವಾಗ ಯಾವ ಆಪತ್ತೂ ಕಾಣುವುದಿಲ್ಲ.

ಈ ಸುಖದ ಗುನುಗು ಎಷ್ಟು ಮೋಸದ್ದೆಂಬುದಕ್ಕೆ ಅಮೆರಿಕ ದೇಶದ ಒಂದು ದುರಂತವನ್ನು ಉದಾಹರಿಸುತ್ತೇವೆ. 1983ರ ಅಕ್ಟೋಬರ್ 11ರ ರಾತ್ರಿ ಏರ್ ಇಲಿನಾಯ್ ಸಂಸ್ಥೆಯ ವಿಮಾನವೊಂದು ಸ್ಪ್ರಿಂಗ್‌ಫೀಲ್ಡಿನಿಂದ ಕಾರ್ಬನ್‌ಡೇಲಿಗೆ ಹೊರಟಿತು. ಅದು ಹಂಸದಷ್ಟು ಸಣ್ಣದಲ್ಲ. ನಮ್ಮ ಕಾನ್ಪುರದಲ್ಲಿ ಕಟ್ಟಿ ನಮ್ಮ ವಾಯುಪಡೆ ಬಹುಕಾಲ ಹಾರಿಸಿದ ‘ಆವ್ರೋ’ ಜಾತಿಯದೇ. ಏರಿದ ಒಂದೆರಡು ನಿಮಿಷಗಳಲ್ಲಿ ಎಡಗಡೆಯ ಜನರೇಟರು ಕೆಟ್ಟಿತು. ಸಹಚಾಲಕನು ಗಾಬರಿಯಲ್ಲಿ, ಕೆಟ್ಟುದನ್ನು ಬಿಡಿಸುವ ಬದಲು ಚೆನ್ನಾಗಿದ್ದ ಬಲಗಡೆಯದನ್ನು ಬಿಡಿಸಿದನು. ಅದು ಮತ್ತೆ ಕೂಡಿಕೊಳ್ಳಲಿಲ್ಲ. ಇನ್ನು ಉಳಿದುದು ಬ್ಯಾಟರಿ ಮಾತ್ರ. ಹೊರಟ ನಿಲ್ದಾಣ ಬೆನ್ನ ಹಿಂದೆಯೇ ಇತ್ತು. ತಿರುಗಿಕೊಂಡಿದ್ದರೆ ಕೆಲವು ನಿಮಿಷಗಳ ಮಾತು. ಎಂಜಿನುಗಳೆರಡೂ ಸರಿಯಾಗಿದ್ದುವು. ಸೇರಬೇಕಾದ ಊರು ಸುಮಾರು ಮುಕ್ಕಾಲು ಗಂಟೆಯ ದೂರದಲ್ಲಿತ್ತು. ಬ್ಯಾಟರಿ ಅರ್ಧ ಗಂಟೆ ಬಾಳಿದರೂ ಹೇಗೋ ತಲುಪಬಹುದೆಂದು ನಾಯಕನು ಮುಂದಕ್ಕೇ ನಡೆಸಿದನು. ಮೋಡದ ಕತ್ತಲೆಯಲ್ಲಿ ಒಂದೊಂದಾಗಿ ಉಪಕರಣಗಳು ಆರಿದುವು. ಪಿಂಕ್ನಿವಿಲ್ ಎಂಬಲ್ಲಿ ವಿಮಾನ ನೆಲಕ್ಕೆ ಬಡಿದು ಅದರಲ್ಲಿದ್ದ 10 ಮಂದಿಯೂ ಸತ್ತರು. ಮುಂದಕ್ಕೆ ಹೋಗುವ ನಿರ್ಧಾರವೇ ಕಾರಣವೆಂದು ತನಿಖೆಯವರು ತೀರ್ಮಾನಿಸಿದರು. ಮಂಕಾದ ದೀಪ ಹಿಡಿದು ಮೇಲಕ್ಕೆ ಬರುವ ಬದಲು ಸುರಂಗದ ಒಳಕ್ಕೇ ನಡೆದ ಕಥೆಯಿದು.

ಅರ್ಧ ಗಂಟೆಯ ಲೆಕ್ಕ ಎಲ್ಲಿಂದ ಬಂತೆಂದರೆ, ಜನರೇಟರು ಪೂರ್ತಿ ಹೋದ ಮೇಲೆ ಅತ್ಯಗತ್ಯವಾದ ಉಪಕರಣಗಳನ್ನು ಬ್ಯಾಟರಿ 30 ನಿಮಿಷಗಳಾದರೂ ನಡೆಸಬೇಕೆಂದು ಸಣ್ಣ ವಿಮಾನಗಳ ಕಟ್ಟಳೆಗಳಲ್ಲಿ ಬಹುಕಾಲದಿಂದ ಹೇಳಿದೆ. ಆದರೆ ಈ 30 ನಿಮಿಷ ಹೊಸ ಬ್ಯಾಟರಿಗೂ, ಬೇಡದ ಭಾರವನ್ನೆಲ್ಲ ಕೂಡಲೇ ಆರಿಸುವ ಚಾಲಕನಿಗೂ ಸಲ್ಲುವ ಲೆಕ್ಕ. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ತಗಡಿನ ಹ್ಯಾಂಗರಿನ ಕೆಳಗೆ ಬೆಂದ ಬ್ಯಾಟರಿಗೆ ವಯಸ್ಸು ಬೇಗ ಆಗುತ್ತದೆ. ಬೆಳಿಗ್ಗೆ ಎಂಜಿನನ್ನು ಹೊರಡಿಸುವುದಕ್ಕೆ ಸಾಕಾಗುವ ಬ್ಯಾಟರಿ ಸಂಜೆಯ ಆಪತ್ತಿನಲ್ಲಿ ಅರ್ಧ ಗಂಟೆ ನಿಲ್ಲುತ್ತದೆಂದು ಹೇಳಲಾಗದು. ಎರಡೂ ಬೇರೆ ಪರೀಕ್ಷೆಗಳು. ಮೊದಲಿದ್ದ ಸಾಮರ್ಥ್ಯದ ಶೇಕಡ 80ರಿಂದ 85ಕ್ಕಿಂತ ಕೆಳಗೆ ಇಳಿದ ಬ್ಯಾಟರಿಯನ್ನು ವಿಮಾನದಿಂದ ತೆಗೆಯಬೇಕೆಂಬುದು ವಾಡಿಕೆಯ ನಿಯಮ. ಅಳೆದು ನೋಡಿದರಲ್ಲವೇ ಅದು ತಿಳಿಯುವುದು!

ಇದು ಶಕ್ತಿ ಸಾಲದೆ ಹೋಗುವ ಅಪಾಯ. ಇನ್ನೊಂದು, ಶಕ್ತಿ ದಾರಿ ತಪ್ಪುವ ಅಪಾಯ, ಅದು ಬೆಂಕಿ. ಇಲ್ಲಿ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಏಕೆಂದರೆ ಈ ತಪ್ಪಿಗೆ ಮೂಲವಾದ ದುರಭ್ಯಾಸ ವಿಮಾನ ನಿಲ್ದಾಣಕ್ಕಿಂತ ಮೊದಲು ನಮ್ಮ ಮನೆಗಳಲ್ಲಿ ಬೇರೂರಿದೆ. ಮನೆಯಲ್ಲಿ ಫ್ಯೂಸು ಹೋಯಿತೆಂದುಕೊಳ್ಳಿ. ಏಕೆ ಹೋಯಿತೆಂದು ವಿಚಾರಿಸುವವರು ನೂರಕ್ಕೆ ಎಷ್ಟು ಮಂದಿ? ಮೊದಲಿಗಿಂತ ದಪ್ಪವಾದ ತಂತಿಯನ್ನು ಸುತ್ತಿ, ‘ಇನ್ನು ಹೋಗುವುದಿಲ್ಲ’ ಎಂದು ಕೈ ಕೊಡವಿಕೊಳ್ಳುವವರೇ ಹೆಚ್ಚು. ಈಗಿನ ಮನೆಗಳಲ್ಲಿ ಎಂ.ಸಿ.ಬಿ. ಬಿದ್ದರೆ ಮೇಲಕ್ಕೆ ತಳ್ಳುವುದು, ಮತ್ತೆ ಬಿದ್ದರೆ ಮತ್ತೆ ತಳ್ಳುವುದು, ನಿಲ್ಲದಿದ್ದರೆ ಹಿಡಿದುಕೊಂಡೇ ನಿಲ್ಲುವುದು! ಈ ಉಪಕರಣ ಇರುವುದು ಮಿಕ್ಸಿಯನ್ನೋ ರೇಡಿಯೋವನ್ನೋ ಕಾಪಾಡುವುದಕ್ಕಲ್ಲ. ಗೋಡೆಯೊಳಗೆ ಅಡಗಿರುವ ತಂತಿಯನ್ನು ಕಾಪಾಡುವುದಕ್ಕೆ. ಅದು ಬಿತ್ತೆಂದರೆ, ಕಣ್ಣಿಗೆ ಕಾಣದ ಕಡೆ ತಂತಿ ತನ್ನ ಮಿತಿಯನ್ನು ಮೀರಿ ಕಾಯಿತೆಂದು ಅದು ಸಾಕ್ಷಿ ನುಡಿದಂತಾಯಿತು. ಸಾಕ್ಷಿಯ ಬಾಯಿ ಮುಚ್ಚಿಸಿದರೆ ಅಪರಾಧ ಇಲ್ಲವಾಗುವುದೇ?

2007ರ ಜುಲೈ 9ರಂದು ಅಮೆರಿಕದಲ್ಲಿ ಸೆಸ್ನಾ 310 ಎಂಬ ಎರಡು ಎಂಜಿನಿನ ಸಣ್ಣ ವಿಮಾನದ ಚಾಲಕನಿಗೆ ಹಾರಾಟದಲ್ಲಿ ಸುಟ್ಟ ವಾಸನೆ ಬಡಿಯಿತು. ಹವಾಮಾನದ ರಾಡಾರಿನ ಬ್ರೇಕರನ್ನು ಅವನು ಎಳೆದನು, ವಾಸನೆ ನಿಂತಿತು. ಅವನು ಕ್ಷೇಮವಾಗಿ ಇಳಿದು, ನಡೆದುದನ್ನು ಬರೆದಿಟ್ಟನು. ಇಲ್ಲಿಯವರೆಗೆ ಎಲ್ಲವೂ ಸರಿ. ಮರುದಿನ ಬೆಳಿಗ್ಗೆ, ರಿಪೇರಿ ಮಾಡದೆಯೇ, ಅದೇ ವಿಮಾನವನ್ನು ಬೇರೆ ಇಬ್ಬರು ಚಾಲಕರಿಗೆ ಕೊಡಲಾಯಿತು. ಹೊರಡುವ ಮುನ್ನ ಬ್ರೇಕರುಗಳೆಲ್ಲ ಒಳಗಿರಬೇಕೆಂಬುದು ವಾಡಿಕೆಯ ತಪಾಸಣೆಯ ಒಂದು ಸಾಲು. ಆ ಸಾಲಿನಂತೆ ಎಳೆದಿದ್ದ ಬ್ರೇಕರನ್ನು ಯಾರೋ ಒಳಕ್ಕೆ ಒತ್ತಿದಂತೆ ತನಿಖೆಯವರಿಗೆ ತೋರಿತು. ಏರಿ ಕಾಲು ಗಂಟೆಯೂ ಆಗಲಿಲ್ಲ. ‘ಹೊಗೆ’ ಎಂಬ ಕೂಗು ರೇಡಿಯೋದಲ್ಲಿ ಕೇಳಿತು. ಫ್ಲಾರಿಡಾದ ಸ್ಯಾನ್‌ಫರ್ಡ್ ಎಂಬ ಊರಿನ ಎರಡು ಮನೆಗಳ ಮೇಲೆ ವಿಮಾನ ಬಿದ್ದು, ಒಳಗಿದ್ದ ಇಬ್ಬರೂ ನೆಲದ ಮೇಲಿದ್ದ ಮೂವರೂ ಮೃತರಾದರು. ಆ ಮೂವರಲ್ಲಿ ಮಕ್ಕಳೂ ಇದ್ದರು. ತಿಳಿದಿದ್ದ ದೋಷವನ್ನು ಸರಿಪಡಿಸದೆ ವಿಮಾನವನ್ನು ಬಿಟ್ಟ ಸಂಸ್ಥೆಯನ್ನೂ, ಅದನ್ನು ಹಾರಿಸಲು ಒಪ್ಪಿದ ಚಾಲಕರನ್ನೂ ತನಿಖೆ ಹೊಣೆ ಮಾಡಿತು. ಒತ್ತಿದರೆ ಒಳಗೆ ಹೋಗುವ ಒಂದು ಚಿಕ್ಕ ಗುಂಡಿ, ಐದು ಪ್ರಾಣ!

ಈ ಪ್ರಕರಣದಲ್ಲಿ ನಮ್ಮ ಅಧಿಕಾರಿಗಳು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬರೆಯುವ ಪುಸ್ತಕ ಅಲ್ಲಿ ಇತ್ತು. ಚಾಲಕನು ಬರೆದೂ ಇದ್ದನು. ಪುಸ್ತಕದಲ್ಲಿ ಬರೆದುದಕ್ಕೂ ಯಾರಾದರೊಬ್ಬರು ಅದನ್ನು ಓದಿ ‘ಇದು ಹಾರಕೂಡದು’ ಎನ್ನುವುದಕ್ಕೂ ನಡುವೆ ಇರುವ ಕಂದಕದಲ್ಲಿ ವಿಮಾನ ಬಿದ್ದಿತು. ಕಡತಗಳ ರಾಜ್ಯವಾದ ನಮ್ಮಲ್ಲಿ ಈ ಕಂದಕದ ಅಗಲವೆಷ್ಟೆಂದು ವಾಚಕರಾದ ಸರ್ಕಾರಿ ನೌಕರರಿಗೆ ನಾವು ವಿವರಿಸಬೇಕಾಗಿಲ್ಲ.

ತಂತಿಯ ವಿಷಯವಾಗಿಯೂ ಎರಡು ಮಾತು. ಹಳೆಯ ವಿಮಾನಗಳ ತಂತಿಗಳಿಗೆ ಪಿ.ವಿ.ಸಿ. ಹೊದಿಕೆಯಿತ್ತು, ಅದು ಸುಟ್ಟರೆ ಬರುವ ಹೊಗೆ ವಿಷ, ಸಣ್ಣ ಕೊಠಡಿಯಲ್ಲಿ ಕೆಲವೇ ಉಸಿರುಗಳಲ್ಲಿ ಮನುಷ್ಯನನ್ನು ಕೆಡವಬಲ್ಲದು. ಈಚಿನ ಹೊದಿಕೆಗಳು ಇದಕ್ಕಿಂತ ಎಷ್ಟೋ ಮೇಲು. ಆದರೆ ಯಾವ ಹೊದಿಕೆಯೂ ಉಜ್ಜಾಟವನ್ನು ತಾಳದು. ಬಿಗಿಯಿಲ್ಲದ ಒಂದು ಕ್ಲಾಂಪು, ಎಂಜಿನಿನ ಅದುರು, ತಗಡಿನ ಒಂದು ಚೂಪು ಅಂಚು: ಈ ಮೂರು ಸೇರಿದರೆ ನಾಲ್ಕಾರು ವರ್ಷಗಳಲ್ಲಿ ತಾಮ್ರ ಹೊರಗೆ ಬರುತ್ತದೆ. ಹ್ಯಾಂಗರಿನ ಇಲಿಗಳಿಗೆ ನಾಲ್ಕಾರು ವರ್ಷವೂ ಬೇಡ. ಇಂತಹ ಕಡೆ ಆಗಾಗ ಹಾರುವ ಕಿಡಿಯನ್ನು ಸಾಧಾರಣ ಬ್ರೇಕರು ಗುರುತಿಸದಿರುವುದೂ ಉಂಟು. ಅದು ಬಿಸಿಗೆ ಬಗ್ಗುವ ಉಪಕರಣ, ಕ್ಷಣಕಾಲದ ಕಿಡಿ ಅದನ್ನು ಬಿಸಿ ಮಾಡದು. ಇನ್ನು, ಹಂಸದ ಮೈ ಲೋಹದ್ದಲ್ಲ, ಗಾಜಿನ ನಾರಿನ ಸಂಯುಕ್ತ ವಸ್ತು. ಲೋಹದ ವಿಮಾನದಲ್ಲಿ ಮೈಯೇ ವಿದ್ಯುತ್ತಿಗೆ ಹಿಂದಿರುಗುವ ದಾರಿಯಾಗಬಲ್ಲದು. ಇಲ್ಲಿ ಹಿಂದಿರುಗುವುದಕ್ಕೂ ಬೇರೆ ತಂತಿ ಬೇಕು. ಅಂದರೆ ಕಾಯಬೇಕಾದ ತಂತಿಗಳೂ ಅವುಗಳ ಕೊಂಡಿಗಳೂ ಹೆಚ್ಚು. ಲೋಹದ ವಿಮಾನದಲ್ಲಿ ಕೈ ಪಳಗಿದ ಮೆಕ್ಯಾನಿಕನು ಇದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ನಮ್ಮವರು ಎಚ್ಚರಿಕೆಯನ್ನು ಬಲ್ಲರೆಂಬುದಕ್ಕೆ ಸಾಕ್ಷಿಯಿಲ್ಲದೆ ಇಲ್ಲ. 2009ರ ಮಾರ್ಚ್ 6ರಂದು ಬಿಡದಿಯ ಹತ್ತಿರ ‘ಸರಸ್’ ವಿಮಾನ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಮಡಿದುದನ್ನು ವಾಚಕರು ಮರೆತಿರಲಾರರು. ಅದು ವಿದ್ಯುತ್ತಿನ ದೋಷವಲ್ಲ. ಹಾರಾಟದಲ್ಲಿ ಆರಿಸಿದ ಎಂಜಿನನ್ನು ಮತ್ತೆ ಹೊತ್ತಿಸುವ ಕ್ರಮದ ದೋಷ. ಆ ಪಾಠ ವ್ಯರ್ಥವಾಗಲಿಲ್ಲವೆಂದು ತೋರುತ್ತದೆ. 2022ರ ಮೇ 17ರಂದು ಚಳ್ಳಕೆರೆಯ ಪರೀಕ್ಷಾ ಬಯಲಿನ ಮೇಲೆ ಹಂಸ-ಎನ್‌ಜಿಯನ್ನು 7,000ದಿಂದ 8,000 ಅಡಿಗಳ ಎತ್ತರಕ್ಕೆ ಒಯ್ದು, ಅಲ್ಲಿ ಎಂಜಿನನ್ನು ನಿಲ್ಲಿಸಿ, ಗಾಳಿಗೆ ತಿರುಗುವ ಪ್ರೊಪೆಲ್ಲರಿನಿಂದಲೂ ಸ್ಟಾರ್ಟರಿನ ನೆರವಿನಿಂದಲೂ ಮತ್ತೆ ಹೊರಡಿಸಿ ನೋಡಿದರು. ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಕೆಳಗೆ ಜನವಸತಿಯಿಲ್ಲದ ಬಯಲು, ಕೈಯಲ್ಲಿ ಬೇಕಾದಷ್ಟು ಎತ್ತರ, ನುರಿತ ಚಾಲಕರು: ಪರೀಕ್ಷೆಯೆಂದರೆ ಹೀಗಿರಬೇಕು. ಆದರೆ ಸ್ಟಾರ್ಟರು ತಿರುಗುವುದು ಬ್ಯಾಟರಿಯಿಂದ. ಅಂದು ಅದು ಹೊಸ ವಿಮಾನದ ಬ್ಯಾಟರಿ. ಎಂಟು ವರ್ಷ ಹುಡುಗರ ಕೈಯಲ್ಲಿ ದುಡಿದ ವಿಮಾನದಲ್ಲಿ ಅದೇ ಸ್ಟಾರ್ಟರು ತಿರುಗುವುದೆಂಬ ಭರವಸೆಯನ್ನು ಕೊಡಬೇಕಾದವರು ವಿಜ್ಞಾನಿಗಳಲ್ಲ, ಹ್ಯಾಂಗರಿನ ದಿನಚರಿಯನ್ನು ನಡೆಸುವವರು.

ಆದುದರಿಂದ ರಾಜ್ಯದ ಇಲಾಖೆಯವರನ್ನೂ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದವರನ್ನೂ ನಾವು ಕೇಳುವುದು ದೊಡ್ಡ ಖರ್ಚಿನ ಮಾತಲ್ಲ. ತರಬೇತಿ ಶಾಲೆಗಳಲ್ಲಿ ಬಿದ್ದ ಬ್ರೇಕರನ್ನು ಹಾರಾಟದಲ್ಲಿ ಮತ್ತೆ ಒತ್ತಕೂಡದು. ಇಳಿಯುವುದಕ್ಕೆ ಅದು ಅನಿವಾರ್ಯವಾಗಿದ್ದರೆ ಒಂದೇ ಸಲ, ಎರಡನೆಯ ಸಲವೆಂಬುದಿಲ್ಲ. ಇಳಿದ ಮೇಲೆ ಕಾರಣ ಸಿಕ್ಕುವ ತನಕ ಆ ವಿಮಾನ ಕದಲಬಾರದು. ಶಿಷ್ಯನ ಪಾಠ ತಪ್ಪಿದರೆ ತಪ್ಪಲಿ. ಬ್ಯಾಟರಿಯ ಸಾಮರ್ಥ್ಯವನ್ನು ಅಳೆದ ದಿನವನ್ನೂ ಅಂಕಿಯನ್ನೂ ವಿಮಾನದ ಬಾಗಿಲ ಬಳಿಯೇ ಅಂಟಿಸಿಡಲಿ. ಹಣ ತೆತ್ತು ಕಲಿಯಲು ಬಂದ ಹುಡುಗನಿಗೆ ಅದನ್ನು ಓದುವ ಹಕ್ಕಿದೆ. ಮೊದಲ ಏಕಾಂಗಿ ಹಾರಾಟಕ್ಕೆ ಬಿಡುವ ಮುನ್ನ, ನೆಲದ ಮೇಲೆ ನಿಂತ ವಿಮಾನದಲ್ಲಿ ಅವನನ್ನು ಸಂಜೆಗತ್ತಲಲ್ಲಿ ಕೂರಿಸಿ, ಹೇಳದೆ ಕೇಳದೆ ಜನರೇಟರನ್ನು ಆರಿಸಿ, ಯಾವುದನ್ನು ಮೊದಲು ಆರಿಸುತ್ತಾನೆ, ಯಾವುದನ್ನು ಉಳಿಸಿಕೊಳ್ಳುತ್ತಾನೆ ಎಂಬುದನ್ನು ಗುರುಗಳು ಗಡಿಯಾರ ಹಿಡಿದು ನೋಡಲಿ. ಪುಸ್ತಕದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಪಡೆದವನು ಈ ಕತ್ತಲಲ್ಲಿ ತಡವರಿಸುವುದನ್ನು ಕಂಡರೆ ಅವನಿಗೂ ಉಪಕಾರ, ಶಾಲೆಗೂ ಉಪಕಾರ.

ಈ ಅವಸರಕ್ಕೆ ಇನ್ನೊಂದು ಕಾರಣವೂ ಇದೆ. 2025ರ ಮೇ ತಿಂಗಳಿನಲ್ಲಿ ಕೇಂದ್ರದ ವಿಜ್ಞಾನ ಸಚಿವರಾದ ಡಾಕ್ಟರ್ ಜಿತೇಂದ್ರ ಸಿಂಗ್ ಅವರು ‘ಇ-ಹಂಸ’ವೆಂಬ, ಪೆಟ್ರೋಲಿಲ್ಲದೆ ಬ್ಯಾಟರಿಯಿಂದಲೇ ಹಾರುವ ತರಬೇತಿ ವಿಮಾನದ ಯೋಜನೆಯನ್ನು ಪ್ರಕಟಿಸಿದರು, ಬೆಲೆ ಸುಮಾರು ಎರಡು ಕೋಟಿ ರೂಪಾಯಿಗಳಾಗಬಹುದೆಂದರು. ಯೂರೋಪಿನಲ್ಲಿ ಇಂತಹ ವಿಮಾನವೊಂದಕ್ಕೆ, ಪಿಪಿಸ್ಟ್ರೆಲ್ ವೆಲಿಸ್ ಎಂಬುದಕ್ಕೆ, 2020ರಲ್ಲಿಯೇ ಅರ್ಹತಾ ಪತ್ರ ದೊರೆತಿದೆ. ಅಲ್ಲಿ ಒತ್ತಡ 14 ಅಥವಾ 28 ವೋಲ್ಟಲ್ಲ, 300ಕ್ಕೂ ಮೇಲೆ; ಮುಟ್ಟಿದವನನ್ನು ಬಿಡದ ಏಕಮುಖ ಪ್ರವಾಹ. ಅದರ ಲಿಥಿಯಂ ಬ್ಯಾಟರಿಯ ಒಂದು ಕೋಶ ಕಾದು ಕೆಟ್ಟರೆ ಪಕ್ಕದ ಕೋಶವನ್ನೂ ಕಾಯಿಸುತ್ತ ಹೋಗುತ್ತದೆ. ಆ ಬೆಂಕಿಯನ್ನು ಸಾಮಾನ್ಯ ಆರಿಸುವ ಸಾಧನದಿಂದ ತಡೆಯುವುದು ಬಹಳ ಕಷ್ಟ. ಇಲ್ಲಿ ‘ಬೇಡದ ಭಾರವನ್ನು ಆರಿಸು’ ಎಂಬ ಹಳೆಯ ಸೂತ್ರವೂ ಹೆಚ್ಚು ದೂರ ನಡೆಯದು, ಏಕೆಂದರೆ ವಿಮಾನವನ್ನು ಎತ್ತಿ ಹಿಡಿದಿರುವ ಮೋಟಾರೇ ಎಲ್ಲಕ್ಕಿಂತ ದೊಡ್ಡ ಭಾರ.

ಅಂತಹ ವಿಮಾನ ಜಕ್ಕೂರಿಗೆ ಬರುವ ದಿನ, ಅದರ ಹೊದಿಕೆಯನ್ನು ಬಿಚ್ಚಿ ತಂತಿಯನ್ನು ಕೈಯಿಂದ ಮುಟ್ಟಿ ನೋಡಬಲ್ಲ ಕೆಲಸಗಾರರು ಎಲ್ಲಿಂದ ಬರುವರು? ಕೋಲಾರ ಜಿಲ್ಲೆಯ ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ವಿದ್ಯುತ್ ಕೆಲಸವನ್ನು ಕಲಿಯುತ್ತಿರುವ ಹುಡುಗರಿದ್ದಾರೆ; ಅವರಲ್ಲಿ ಎಷ್ಟೋ ಮಂದಿ ಗಣಿಯಲ್ಲಿ ತಂತಿಯೊಡನೆ ಬಾಳಿದವರ ಮೊಮ್ಮಕ್ಕಳು. ವಿಮಾನದ ತಂತಿಯ ಕೆಲಸಕ್ಕೆ ಒಂದು ವರ್ಷದ ಪಾಠವನ್ನು ಅಲ್ಲಿ ಏರ್ಪಡಿಸಿ, ಪ್ರಯೋಗಾಲಯದ ಇಬ್ಬರು ಮೂವರು ನಿವೃತ್ತ ತಂತ್ರಜ್ಞರನ್ನು ಕಲಿಸಲು ಕರೆಯಬಹುದು. ಈ ವಿಷಯವಾಗಿ ಜಿಲ್ಲೆಯ ಶಾಸಕರು ಬರುವ ಅಧಿವೇಶನದಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳುವರೆಂದು ನಿರೀಕ್ಷಿಸುತ್ತೇವೆ.